ಜಾಲರಿಯಲ್ಲಿ ಉಳಿದ ದೊರೆ

ಹತ್ತು ಗಂಟೆಗೆ ಬರುತ್ತೇನೆಂದಿದ್ದ ಅರಮನೆಯ ಅಧಿಕಾರಿ ಎಂಟೂವರೆಗೇ ಬಂದ. ಚಿಕ್ಕಪ್ಪ ಆಗಷ್ಟೇ ಅಂಗಡಿ ತೆರೆದು ಹಸಿರು ಬಣ್ಣದ ಡಬ್ಬಿ ಕದಡುತ್ತಿದ್ದರು. ನಾನು ತೊಳೆದ ಫ್ರೇಮುಗಳನ್ನು ಗೋಡೆಗೆ ಒರಗಿಸುತ್ತಿದ್ದೆ. ಮರದ ಚೌಕಟ್ಟಿಗೆ ತೆಳ್ಳನೆಯ ಜಾಲರಿ ಬಟ್ಟೆ ಬಿಗಿದ ಫ್ರೇಮುಗಳು. ಬಣ್ಣ ಹಾಕಿ ರಬ್ಬರು ಪಟ್ಟಿ ಎಳೆದರೆ ಚಿತ್ರವಿರುವಲ್ಲಿ ಮಾತ್ರ ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ತೊಳೆದು ಅದೇ ಬಟ್ಟೆಗೆ ಇನ್ನೊಂದು ಚಿತ್ರ.

ದೊರೆ ಪಟ್ಟಕ್ಕೇರಿ ನಲವತ್ತು ವರ್ಷ. ಗೋಡೆಗೋಡೆಗೂ ಅಂಟಿಸುವ ಭಾವಚಿತ್ರದ ಕೆಲಸ ನಮಗೆ ಬಂದಿತ್ತು. ಅದೇ ವಾರ, ಅದೇ ಮೇಜಿನ ಮೇಲೆ, ಚಿಕ್ಕಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ನಾನು ಬೇರೊಬ್ಬ ದೊರೆಯನ್ನು ಅಚ್ಚು ಹಾಕಿದ್ದೆ. ಸಿಂಹಾಸನವನ್ನು ಹಮಾಲಿಯ ಹಾಗೆ ಬೆನ್ನ ಮೇಲೆ ಹೊತ್ತ ಮುದುಕ. ಅವನ ಹಿಂದೆ ನಾವೆಲ್ಲ: ಒಂದು ಕೈಯಲ್ಲಿ ಅವನ ತಲೆಗೆ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಸಿಂಹಾಸನದ ಮೇಲೆ ಕಲ್ಲು ಪೇರಿಸುತ್ತಿರುವವರು. ಅರವತ್ತು ಪ್ರತಿ. ಮೊನ್ನೆ ಬೆಳಿಗ್ಗೆ ಮಾರುಕಟ್ಟೆಯ ಗೋಡೆಯ ಮೇಲಿದ್ದವು. ಮಧ್ಯಾಹ್ನದೊಳಗೆ ಪೊಲೀಸರು ಕೆರೆದು ತೆಗೆದಿದ್ದರು.

ಮೊದಲು ಅವನನ್ನು ಹಂದಿ ಮಾಡಿ ಬಿಡಿಸಿದ್ದೆ. ನನಗೇ ನಗು ಬರಲಿಲ್ಲ. ದೊರೆಯ ವಿರುದ್ಧ ಆಡಿದ ಒಂದೇ ಒಂದು ಮಾತಿಗೆ ಅಣ್ಣ ಎರಡು ವರ್ಷ ಜೈಲಿನಲ್ಲಿದ್ದು ಬಂದಿದ್ದಾನೆ. ರೇಡಿಯೋದಲ್ಲಿ ದೊರೆಯ ದನಿ ಬಂದರೆ ಅಮ್ಮ ಈಗಲೂ ಒಲೆ ಸಣ್ಣ ಮಾಡಿ, "ಪಾಪ, ಆ ಕೆಮ್ಮು ಇನ್ನೂ ಹೋಗಿಲ್ಲ ನೋಡು" ಅನ್ನುತ್ತಾಳೆ. ಅಣ್ಣ ತಟ್ಟೆ ಬಿಟ್ಟು ಎದ್ದು ಹೋಗುತ್ತಾನೆ. ಇಬ್ಬರ ನಡುವೆ ಕೂತು ಉಣ್ಣುವವಳು ನಾನು. ಚಿತ್ರ ಹುಟ್ಟಿದ್ದು ಅಲ್ಲಿ.

"ಭಾವಚಿತ್ರ ಚೆನ್ನಾಗಿದೆ. ಫ್ರೇಮುಗಳನ್ನೂ ನೋಡ್ಬೇಕು. ಊರಿನ ಎಲ್ಲಾ ಪ್ರೆಸ್ಸಲ್ಲೂ ನೋಡ್ತಿದ್ದೀವಿ" ಎಂದ ಅಧಿಕಾರಿ.

ತೊಳೆದ ಬಟ್ಟೆಯಲ್ಲೂ ಹಳೆಯ ಚಿತ್ರದ ಕಲೆ ಮಸುಕಾಗಿ ಉಳಿಯುತ್ತದೆ. ಅದನ್ನು ತೆಗೆಯಲು ಬೇರೆ ದ್ರಾವಣವಿದೆ. ಅದರ ಘಾಟಿಗೆ ಚಿಕ್ಕಪ್ಪನ ಉಬ್ಬಸ ಎದ್ದು ಕೂರುತ್ತದೆಂದು ನಮ್ಮಲ್ಲಿ ಅದನ್ನು ಬಳಸುವುದು ಭಾನುವಾರ ಮಾತ್ರ, ಅವರು ಬಾರದ ದಿನ. ಇವತ್ತು ಶುಕ್ರವಾರ.

ಅವನು ಒಂದೊಂದೇ ಫ್ರೇಮನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ.

"ಇದೇನು, ಸೋಪಿನ ಜಾಹೀರಾತಾ?"

"ಹೌದು ಸರ್. ಆ ಕಂಪನಿ ಮುಚ್ಚೇ ಹೋಯ್ತು. ನೊರೆನೇ ಬರ್ತಿರಲಿಲ್ಲ ಅದ್ರಲ್ಲಿ." ಚಿಕ್ಕಪ್ಪ ತಮ್ಮ ಮಾತಿಗೆ ತಾವೇ ನಕ್ಕರು.

ಮೂರನೆಯ ಫ್ರೇಮು ಎತ್ತಿದವನು ಇಳಿಸಲಿಲ್ಲ. ಬೆಳಕಿನಲ್ಲಿ ಮುದುಕ ತಿಳಿ ಬೂದುಬಣ್ಣದಲ್ಲಿ ನಡೆಯುತ್ತಿದ್ದ. ಕೊಡೆಯೂ ಇತ್ತು, ಕಲ್ಲುಗಳೂ ಇದ್ದವು.

"ಇದು ಯಾರ ಕೈ?"

ಚಿಕ್ಕಪ್ಪ ಹತ್ತಿರ ಬಂದು ನೋಡಿದರು. ಅವರು ಅದನ್ನು ಕಂಡದ್ದು ಅದೇ ಮೊದಲು. ನನ್ನ ಕಡೆ ಒಮ್ಮೆ ಕಣ್ಣು ಹಾಯಿಸಿದರು, ಅಷ್ಟೇ.

"ನಂದೇ ಸರ್."

ಬಣ್ಣ ಎಳೆಯುವುದರಲ್ಲಿ ಚಿಕ್ಕಪ್ಪ ಎತ್ತಿದ ಕೈ. ಆದರೆ ಅವರು ಬಿಡಿಸಿದ ಬೆಕ್ಕನ್ನು ಒಮ್ಮೆ ಮನೆಮಂದಿಯೆಲ್ಲ ಸ್ಟೂಲು ಅಂದುಕೊಂಡಿದ್ದೆವು.

ಅಧಿಕಾರಿ ಮೇಜಿನ ಮೇಲೆ ಕಾಗದ ಹಾಸಿ, ಜೇಬಿನಿಂದ ಪೆನ್ಸಿಲು ತೆಗೆದುಕೊಟ್ಟ. "ಹಾಗಾದ್ರೆ ಇನ್ನೊಂದ್ಸಲ ಬಿಡಿಸಿ. ಅವಸರ ಏನಿಲ್ಲ."

ಚಿಕ್ಕಪ್ಪ ಒಂದು ಸೊನ್ನೆ ಸುತ್ತಿದರು. ಕೆಳಗೆ ಎರಡು ಗೀಟು ಎಳೆಯುವಷ್ಟರಲ್ಲಿ ಮೊನೆ ಮುರಿಯಿತು. ಅವರ ಎದೆಯೊಳಗೆ ಸುಂಯ್ ಎನ್ನುವ ಸದ್ದು ಶುರುವಾಗಿತ್ತು. ಅಧಿಕಾರಿ ನಮ್ಮದೇ ಬ್ಲೇಡು ತೆಗೆದುಕೊಂಡು, ನಿಧಾನವಾಗಿ ಪೆನ್ಸಿಲು ಹೆರೆದು, ಪುಡಿ ಊದಿ, ಮತ್ತೆ ಅವರ ಬೆರಳ ನಡುವೆ ಇಟ್ಟ.

"ಹೂಂ, ಬಿಡಿಸಿ."

ಅವನು ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಚಿಕ್ಕಪ್ಪ, ಪಕ್ಕಕ್ಕೆ ಸರೀರಿ."

"ಸುಮ್ನಿರೇ ನೀನು. ದೊಡ್ಡೋರ ಮಧ್ಯ ನಿಂದೇನು? ಒಳಗೆ ಹೋಗು!"

"ಸರೀರಿ ಅಂದ್ನಲ್ಲ."

ಪೆನ್ಸಿಲನ್ನು ಅವರ ಕೈಯಿಂದ ಬಿಡಿಸಿಕೊಂಡೆ. ಬೆನ್ನಿನ ಗೆರೆಯಿಂದ ಶುರುಮಾಡಿದೆ. ಅಧಿಕಾರಿಯ ಉಸಿರು ನನ್ನ ಕಿವಿಯ ಪಕ್ಕದಲ್ಲೇ ಇತ್ತು.

"ಎಡಗಡೆ ಭುಜ ಇನ್ನೂ ಕೆಳಗೆ ಬರ್ಬೇಕು" ಎಂದ.

ನಾನು ತಲೆ ಎತ್ತಿದೆ.

"ದಿನಾ ದೊರೆಗಳ ಕೋಟಿಗೆ ಪದಕ ಸಿಕ್ಕಿಸೋನು ನಾನು. ಆ ತೋಳು ಈಗ ಮೇಲೇಳಲ್ಲ."

ಭುಜ ಇಳಿಸಿದೆ. ಅವನು ಹೇಳಿದ್ದು ನಿಜ. ಮುದುಕ ಈಗ ನಿಜವಾಗಿಯೂ ಭಾರ ಹೊತ್ತಿದ್ದ. ಮೂವರೂ ಅವನನ್ನೇ ನೋಡುತ್ತ ನಿಂತೆವು. ಅಧಿಕಾರಿ ಬಿಟ್ಟುಬಿಡುತ್ತಾನೇನೋ ಎನ್ನುವ ಆಸೆ ನನ್ನೊಳಗೆ ಎದ್ದು ಕೂತಿತು. ಕೊಡೆ ಬರಬೇಕಾದ ಕಡೆ ಪೆನ್ಸಿಲು ಸರಿಸಿ ಕೇಳಿದೆ, "ಕೊಡೆ ಒಂದೇ ಸಾಕಾ ಸರ್?"

"ಕಲ್ಲುಗಳೂ ಇರ್ಲಿ. ಒಂದೂ ಬಿಡ್ಬೇಡಿ. ಆಮೇಲೆ ಕೆಳಗೆ ಹೆಸರು, ತಾರೀಖು."

ಬರೆದೆ. ಕಾಗದ ಸುಕ್ಕಾಗದಂತೆ ಅವನು ಮೃದುವಾಗಿ ಸುರುಳಿ ಸುತ್ತಿದ.

"ಚಪ್ಪಲಿ ಹಾಕ್ಕೊಳ್ಳಮ್ಮ."

"ಸರ್, ಅಂಗಡಿ ನಂದು. ನನ್ನ ಕರ್ಕೊಂಡು ಹೋಗಿ" ಎಂದು ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತರು.

"ನೀವು ಕೆಲ್ಸ ನಿಲ್ಲಿಸ್ಬೇಡಿ. ಸಂಜೆಗೆ ಸಾವಿರ ಭಾವಚಿತ್ರ ಬೇಕು."

ಚಿಕ್ಕಪ್ಪನ ಕೈಯಲ್ಲಿ ಹಸಿರು ಮೆತ್ತಿತ್ತು. ಅದೇ ಕೈಯಿಂದ ನನ್ನ ತೋಳು ಹಿಡಿದರು. "ಅತ್ತಿಗೆಗೆ ಏನ್ ಹೇಳ್ಲೇ ನಾನು? ಏನಂತ ಹೇಳ್ಲಿ?"

"ಅರಮನೆಗೆ ಹೋಗಿದಾಳೆ ಅನ್ನಿ. ಖುಷಿ ಪಡ್ತಾಳೆ."

"ಅರಮನೆಗಲ್ಲಮ್ಮ" ಎಂದು ಅಧಿಕಾರಿ ಮೆಲ್ಲಗೆ ಹೇಳಿ, ಕಾರಿನ ಹಿಂದಿನ ಬಾಗಿಲು ತೆಗೆದ.