ಹದಿನೆಂಟು ಎಡಗೈ

ಆ ಹೊಲಿಗೆ ಅಂಗಡಿಯಲ್ಲಿ ನಾನು ಮೂವತ್ತೊಂದು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದೆ. ಶಾಲೆ ಕಂಡದ್ದು ಎರಡೇ ವರ್ಷ. ಆದರೂ ಬಟ್ಟೆಯ ಮೇಲೆ ನಾನೆಳೆದ ಗೆರೆ ಕೊಂಕುತ್ತಿರಲಿಲ್ಲ. ಇದು ಕಣ್ಣು ಮಂಜಾಗತೊಡಗಿದ ಮೇಲಿನ ಮಾತು. ಎರಡು ಪ್ಯಾಂಟಿನ ಸೊಂಟ ತಪ್ಪಿಸಿದ್ದೆ. ಯಜಮಾನರು, "ಮಾಸ್ಟ್ರೇ, ಇನ್ನೊಂದ್ಸಲ ಹೀಗಾದ್ರೆ ಕತ್ತರಿ ಬೇರೆಯವ್ರ ಕೈಗೆ" ಅಂದಿದ್ದರು. ಬೇರೆಯವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಮೊದಲನೇ ಮೆಷಿನ್ನಿನವನು, ಗುಂಡಿಯಕ್ಕನ ಗಂಡ.

ಗುಂಡಿಯಕ್ಕ ಮೂಲೆಯಲ್ಲಿ ಕೂತು ಗುಂಡಿ ಹಾಕುವವಳು. ಅವಳೊಬ್ಬಳು ಇದ್ದಾಳೆಂದು ನಮಗೆ ನೆನಪಾಗುತ್ತಿದ್ದದ್ದು ಅವಳು ರಜೆ ಹಾಕಿದ ದಿನ ಮಾತ್ರ. ನಾನು ಕತ್ತರಿಸಿದ ತುಂಡುಗಳು ಮೆಷಿನ್ನಿಗೆ ಹೋಗುವ ಮುಂಚೆ ಎಡ ಬಲ ನೋಡಿ, ಜೋಡಿ ಮಾಡಿ, ದಾರ ಕಟ್ಟಿಡುವಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಮ್ಮೆ ಬ್ಯಾಂಡಿನವರ ಒಂಬತ್ತು ಕೋಟು ಬಂದವು. ಒಂದೇ ಮಗ್ಗುಲು ಮಿರುಗುವ ಕೆಂಪು ಬಟ್ಟೆ, ತಿರುವಿ ಹೊಲಿಯುವಂತಿಲ್ಲ. ಅದನ್ನು ಮಡಿಸಿ ಕತ್ತರಿಸಿದರೆ ಎಡದೋಳು ಬಲದೋಳು ತಾವಾಗಿಯೇ ಜೋಡಿ ಬೀಳುತ್ತವೆ. ಅಂದು ಅಗಲ ಸಾಲದೆ ಮಡಿಸಲಿಲ್ಲ. ಪದರದ ಮೇಲೆ ಪದರ, ಎಲ್ಲದರ ಮಿರುಗೂ ಮೇಲಕ್ಕೆ ಬರುವಂತೆ ಹಾಸಿ ಒಂದೇ ಏಟಿಗೆ ಕತ್ತರಿಸಿಬಿಟ್ಟೆ.

ಜೋಡಿ ಕಟ್ಟಲು ಕೂತ ಗುಂಡಿಯಕ್ಕ ಎದ್ದು ನನ್ನ ಮೇಜಿನ ಬಳಿ ಬಂದಳು.

"ಮಾಸ್ಟ್ರೇ, ಹದಿನೆಂಟೂ ಎಡಗೈದೇ."

ಒಂದೆರಡು ತುಂಡು ಎತ್ತಿ ನೋಡಿದೆ. ಹೌದು, ಎಲ್ಲವೂ ಎಡವೇ.

"ಎರಡು ಎಡಗೈ ತುಂಬೋಕೆ ಒಂದೊಂದು ಕೋಟಿಗೂ ಇಬ್ಬಿಬ್ರು ಬೇಕಾಗುತ್ತೆ," ಅಂದಳು ಮೆಲ್ಲಗೆ. ನನಗೆ ನಗು ಬರಲಿಲ್ಲ.

"ನಿನ್ನ ಗಂಡನಿಗೆ ಹೇಳ್ಬೇಕಿತ್ತು ತಾಯಿ. ಇವತ್ತೇ ಮಾಸ್ಟರ್ ಆಗ್ತಿದ್ದ."

"ಆಗೋ ದಿನ ಆಗ್ತಾರೆ ಬಿಡಿ. ಕಾಲರಿಗೆ, ಜೇಬಿಗೆ ಅಂತ ಇಟ್ಟಿರೋ ಬಟ್ಟೆ ಹಾಸಿ ಮೊದ್ಲು. ಅದ್ರಲ್ಲಿ ಒಂಬತ್ತು ಬಲಗೈ ಬರುತ್ತೆ. ಮಿಕ್ಕ ಎಡಗೈಗಳಲ್ಲಿ ಕಾಲರು, ಜೇಬು ತೆಗೀರಿ."

ಅಳೆದು ನೋಡಿದೆ. ಎಲ್ಲ ಹೊಂದಿ ಬೆರಳಗಲ ಮಿಕ್ಕಿತು. ಹಾಗೇ ಕತ್ತರಿಸಿದೆ.

ಊಟ ಮುಗಿಸಿ ಬಂದ ಯಜಮಾನರು ಜೋಡಿ ಕಟ್ಟಿದ ಗಂಟುಗಳನ್ನು ತಿರುವಿ ನೋಡಿದರು. "ನೋಡಿ, ಮನಸ್ಸಿಟ್ರೆ ನಿಮ್ಮಂಥ ಕೈ ಇನ್ನೊಂದಿಲ್ಲ" ಅಂದರು. ಗುಂಡಿಯಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ನನ್ನ ಕಡೆ ಕಣ್ಣೆತ್ತಿ ಕೂಡ ನೋಡಲಿಲ್ಲ. ನಾನು ಬಾಯಿ ಬಿಡದಿದ್ದರೆ ಅವಳೂ ಬದುಕಿರುವ ತನಕ ಬಾಯಿ ಬಿಡುತ್ತಿರಲಿಲ್ಲ. ಆ ಹೊಗಳಿಕೆ ನನ್ನದಲ್ಲ.

"ಯಜಮಾನ್ರೇ, ಬೆಳಿಗ್ಗೆ ಎಲ್ಲಾ ಎಡಗೈನೇ ಕತ್ತರಿಸಿದ್ದೆ. ಬಟ್ಟೆ ಉಳಿಸಿದ್ದು ಇವಳು," ಅಂದೆ. ಪೂರ್ತಿ ಹೇಳಿದೆ.

ಮೆಷಿನ್ನುಗಳು ನಿಂತವು. ಅವಳ ಗಂಡ ತಿರುಗಿ ಕೂತ. "ನಂಗೊಂದು ಮಾತು ಹೇಳ್ಲಿಲ್ವಲ್ಲೇ?"

"ಹೇಳಿದ್ರೆ ನೀವೂ ಇದನ್ನೇ ಮಾಡ್ತಿದ್ರಿ."

ಅವನು ತಲೆ ಕೆರೆದುಕೊಂಡ. "ಮಾಡ್ತಿದ್ದೆ. ಇಷ್ಟು ಬೇಗ ಹೊಳೀತಿರ್ಲಿಲ್ಲ."

ಯಜಮಾನರು ಒಂದು ಗಂಟು ಬಿಚ್ಚಿ ಎರಡೂ ತೋಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ, "ಕತ್ತರಿ ನಿಮ್ಮ ಹತ್ರಾನೇ ಇರ್ಲಿ. ಆದ್ರೆ ಹಾಸಿದ್ದನ್ನ ಇವಳು ನೋಡೋವರೆಗೂ ಕತ್ತರಿ ಹಾಕ್ಬೇಡಿ" ಅಂದರು.

ಮರುದಿನದಿಂದ ಬಟ್ಟೆ ಹಾಸಿ ಕಾಯುತ್ತಿದ್ದೆ. ಗುಂಡಿಯಕ್ಕ ಬಂದು ಅಂಗೈಯಿಂದ ಒಮ್ಮೆ ಸವರಿ "ಹ್ಞೂಂ" ಅನ್ನುವಳು. ಆಮೇಲಿನ ಎಂಟು ವರ್ಷ ಆ ಮೇಜಿನಿಂದ ಒಂದು ತುಂಡೂ ತಪ್ಪಾಗಿ ಇಳಿಯಲಿಲ್ಲ.