ಅಕ್ಕನಿಗೆ ಬರೆದ ಎರಡನೇ ದರ್ಜೆ

ಹೃದಯದ ಹೊರರೋಗಿ ವಿಭಾಗದಲ್ಲಿ ರೋಗಿಗಳ ದರ್ಜೆ ಬರೆಯುವ ನರ್ಸ್ ನಾನು. ಎಷ್ಟು ಓಡಾಡಿದರೂ ದಮ್ಮು ಬಾರದಿದ್ದರೆ ಒಂದು. ಮೆಟ್ಟಿಲು ಹತ್ತಿದಾಗ ಏದುಸಿರು ಬಂದರೆ ಎರಡು. ಬಚ್ಚಲಿಗೆ ಹೋಗಿಬರುವಷ್ಟರಲ್ಲೇ ಸುಸ್ತಾದರೆ ಮೂರು. ಕೂತಲ್ಲೇ ಉಸಿರು ಸಾಲದಿದ್ದರೆ ನಾಲ್ಕು. ಮೂರು ಎಂದು ಬರೆದರೆ ಅವತ್ತೇ ದೊಡ್ಡ ಡಾಕ್ಟರು ನೋಡುತ್ತಾರೆ. ಎರಡಾದರೆ ಅದೇ ಹಳೇ ಮಾತ್ರೆ, ಮೂರು ತಿಂಗಳು ಬಿಟ್ಟು ಬನ್ನಿ.

"ಏನೂ ತೊಂದರೆ ಇಲ್ಲ ಸಿಸ್ಟರ್" ಅನ್ನುತ್ತಾರೆ ರೋಗಿಗಳು. ಎಲ್ಲಿಂದ ಬರಬೇಕು ತೊಂದರೆ? ಮೆಟ್ಟಿಲು ಹತ್ತುವುದನ್ನೇ ಬಿಟ್ಟಿರುತ್ತಾರೆ ಮಹಾನುಭಾವರು! ಅದಕ್ಕೇ ಹೊಸ ನರ್ಸುಗಳ ಮುಂದೆ ನಾನು ಬಡಕೊಳ್ಳುವುದು: "ದಮ್ಮು ಬರುತ್ತಾ ಅಂತ ಕೇಳಬೇಡ್ರೇ, ಏನೇನು ಬಿಟ್ಟಿದ್ದೀರಿ ಅಂತ ಕೇಳಿ."

ದೀಪದ ಬುಡದಲ್ಲೇ ಕತ್ತಲೆ. ಟೈಲರ್ ಅಂಗಡಿ ಇಟ್ಟಿದ್ದ ನನ್ನ ಒಂಟಿ ಅಕ್ಕ ತಪಾಸಣೆಗೆ ಬಂದ ದಿನ ನಾನು ಅದನ್ನು ಕೇಳಲಿಲ್ಲ.

"ಮೆಟ್ಟಿಲು ಹತ್ತಿದ್ರೆ ದಮ್ಮು ಬರುತ್ತೇನೇ?"

"ಸ್ವಲ್ಪ. ಇನ್ನೇನು ಹದಿನಾರಾ ನನಗೆ?"

ನನ್ನ ಯೂನಿಫಾರಂ ತೋಳು ಜಗ್ಗಿ, "ಯಾರೇ ಹೊಲಿದಿದ್ದು ಇದನ್ನ, ಗೋಣಿಚೀಲ ಹೊಲಿಯೋರಾ?" ಎಂದಳು. ಇಬ್ಬರೂ ನಕ್ಕೆವು. ನಗುತ್ತಲೇ ಎರಡು ಎಂದು ಬರೆದೆ.

ಏಳು ವಾರಕ್ಕೆ ಅಕ್ಕನನ್ನು ಆಂಬುಲೆನ್ಸಿನಲ್ಲಿ ಕರೆತಂದರು. ಬಟ್ಟೆ ತರಲು ಅವಳ ಅಂಗಡಿಗೆ ಹೋದೆ. ಕೆಲಸದ ನೆಪ ಹೇಳಿಕೊಂಡು ನಾನು ಆ ಕಡೆ ತಲೆಹಾಕಿ ವರ್ಷವಾಗಿತ್ತು. ಮನೆ ಅಂಗಡಿಯ ಮೇಲೆ. ಮೆಟ್ಟಿಲ ತುಂಬ ಧೂಳು, ಒಂದು ಹೆಜ್ಜೆಯ ಗುರುತೂ ಇಲ್ಲ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಸುತ್ತಿಟ್ಟ ಹಾಸಿಗೆ, ಇಸ್ತ್ರಿಪೆಟ್ಟಿಗೆಯ ಪಕ್ಕ ಒಲೆ, ನಾಲ್ಕು ಪಾತ್ರೆ. ತುಳಿಯುವ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿದ್ದಳು.

"ಆರು ತಿಂಗಳಿಂದ ಇಲ್ಲೇ ಮಲಗ್ತಾರಲ್ಲ, ನಿಮಗೆ ಗೊತ್ತಿಲ್ವಾ?" ಎಂದಳು ಪಕ್ಕದಂಗಡಿಯಾಕೆ. ಆ ಒಂದು ಪ್ರಶ್ನೆ ಕೇಳಿದ್ದರೆ ಔಷಧ ಏಳು ವಾರ ಮೊದಲೇ ಬದಲಾಗುತ್ತಿತ್ತು.

ವಾರ್ಡಿನಲ್ಲಿ ಅಕ್ಕ ಮೂರು ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು.

"ಅಕ್ಕಾ, ನಾನು ತಪ್ಪು ಬರೆದೆ. ಆವತ್ತೇ ನಿನಗೆ ಮೂರು ಹಾಕಬೇಕಿತ್ತು. ಈಗ ನಾಲ್ಕಾಗಿದೆ."

ಅವಳು ನನ್ನ ಕೈ ಹಿಡಿದುಕೊಂಡಳು. ಎರಡೆರಡು ಮಾತಿಗೆ ನಿಂತು ಉಸಿರೆಳೆದುಕೊಂಡಳು.

"ಅಳಬೇಡ ಕಣೇ. ಅಡ್ಮಿಟ್ ಮಾಡಿ ಅಂಗಡಿ ಮುಚ್ಚಿಸ್ತಾರೆ ಅಂತ ಹೆದರಿಕೆ ನನಗೆ. ಆವತ್ತು ಮೊದಲು ಇನ್ನೊಬ್ಬ ನರ್ಸ್ ಕರೆದ್ಲು, ನಾನು ಏಳಲಿಲ್ಲ. ಅವಳಾದ್ರೆ ಬಿಡಿಸಿ ಬಿಡಿಸಿ ಕೇಳ್ತಿದ್ಲು. ನೀನು ಬರೋವರೆಗೂ ಬೆಂಚಿನ ಮೇಲೆ ಕೂತೇ ಇದ್ದೆ."