ಕಂಬದ ಬುಡ

ಯಾರಿಗೂ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು ಎಂದು ಅವಳು ಹಲ್ಲುಜ್ಜುತ್ತ ಕನ್ನಡಿಯ ಮುಂದೆ ಒಪ್ಪಿಕೊಂಡಳು. ರಾತ್ರಿಯಿಡೀ ಅದೇ ಕೊರೆದಿತ್ತು.

ಚರ್ಚಿನ ಅಂಗಳದ ಹಳೆಯ ಮರದ ಹೆಬ್ಬಾಗಿಲನ್ನು ಮೊನ್ನೆ ಪರೀಕ್ಷಿಸಿದ್ದು ಅವಳೇ. ನಾಲ್ಕು ಕಂಬ, ಅಡ್ಡ ತೊಲೆಗಳು, ಮೇಲೆ ಹೆಂಚಿನ ಭಾರೀ ಮಾಡು. ಒಂದು ಮೊಳೆಯೂ ಇಲ್ಲ; ಎಲ್ಲವೂ ಮರದ ಗೂಟಗಳ ಹಿಡಿತ. ಕಂಬ ಕಲ್ಲಿನ ಮೇಲೆ ಕೂರುವ ಬುಡದಲ್ಲಿ ಮರ ಕೊಳೆತಿದೆಯೇ ಎಂದು ದಬ್ಬಣ ಚುಚ್ಚಿ ನೋಡಬೇಕಿತ್ತು. ಆದರೆ ಎದುರಿನ ಕಟ್ಟೆಯ ಗಂಡಸರು, "ಏನಮ್ಮ, ಮುದಿ ಕಂಬಕ್ಕೆ ಇಂಜೆಕ್ಷನ್ನಾ?" ಎಂದು ನಕ್ಕಿದ್ದೇ ತಡ, ಮಂಡಿಯೂರುವ ಧೈರ್ಯ ಉಡುಗಿಹೋಯಿತು. ನಿಂತಲ್ಲೇ ಎದೆಮಟ್ಟದಲ್ಲಿ ಚುಚ್ಚಿ, ವರದಿಯಲ್ಲಿ 'ಬುಡ ಗಟ್ಟಿಯಿದೆ' ಎಂದು ಬರೆದಿದ್ದಳು.

ಇವತ್ತು ಹತ್ತಕ್ಕೆ ಒಂದು ಶವಸಂಸ್ಕಾರ. ಪಾದ್ರಿ ಬರುವವರೆಗೆ ಪೆಟ್ಟಿಗೆಯನ್ನೂ ಜನರನ್ನೂ ನಿಲ್ಲಿಸುವುದು ಆ ಮಾಡಿನ ಕೆಳಗೇ.

ಒಂಬತ್ತೂವರೆಗೆ ಅಲ್ಲಿಗೆ ಓಡಿದಳು. ಮೂರು ಕಂಬಗಳ ಬುಡದಲ್ಲಿ ದಬ್ಬಣ ಇಳಿಯಲಿಲ್ಲ. ನಾಲ್ಕನೆಯದರಲ್ಲಿ ಹೊಸ ಬಣ್ಣ ಸೀಳಿ ಹಿಡಿಯವರೆಗೂ ಹೋಯಿತು, ನೆನೆದ ಬ್ರೆಡ್ಡಿಗೆ ಚುಚ್ಚಿದ ಹಾಗೆ.

ಅವಳಿಗೆ ಈ ಕೆಲಸ ಕೊಡಿಸಿದ್ದ ಎಂಜಿನಿಯರ್ ಸೋದರಮಾವ ಶವಸಂಸ್ಕಾರಕ್ಕೆಂದು ಮೊದಲೇ ಬಂದು ಅಲ್ಲೇ ಇದ್ದರು. ಬಗ್ಗಿ ನೋಡಿದರು. ಮುಖ ಬಿಳಿಚಿತು.

"ಬಾಯಿ ಮುಚ್ಕೊಂಡಿರು ಪುಟ್ಟಿ. ವರದಿಗೆ ನನ್ನ ಸಹಿ ಇದೆ. ನಿನ್ನ ಕೆಲಸ ಹೋಗತ್ತೆ, ನನ್ನ ಮಾನ ಹೋಗತ್ತೆ. ಸಂಜೆ ಸದ್ದಿಲ್ಲದೆ ಆಸರೆ ಕಂಬ ಕೊಡಿಸೋಣ."

"ಈಗ ಬಿದ್ರೆ, ಮಾವ?"

"ಅಜ್ಜನ ಅಜ್ಜನ ಕಾಲದಿಂದ ನಿಂತಿದೆ. ಇನ್ನು ಹತ್ತು ನಿಮಿಷ ನಿಲ್ಲಲ್ವೇನೇ?"

"ಆ ಹತ್ತು ನಿಮಿಷ ಅದರ ಕೆಳಗೆ ನಲವತ್ತು ಜನ ಇರ್ತಾರೆ."

"ದುಃಖದ ಮನೆಯವರ ಮುಂದೆ ರಂಪ ಮಾಡ್ತೀಯಾ? ನಿಂಗೆ ನಾಲ್ಕು ಜನರ ಎದುರು ಹೆಸರು ಹೇಳೋಕೇ ಬಾಯಿ ಬರಲ್ಲ!"

ಮಾತು ನಿಜ. ಅದೇ ಚುಚ್ಚಿತು.

ಪೆಟ್ಟಿಗೆ ಹೊತ್ತ ಆರು ಜನ ರಸ್ತೆಯ ತಿರುವಿನಲ್ಲಿ ಕಂಡರು. ಹಿಂದೆ ಕರಿಬಟ್ಟೆಯ ಸಾಲು. ನಡುವೆ ತಾಯಿಯ ಸೊಂಟದ ಮೇಲೆ ನಿದ್ದೆಹೋದ ಮಗು. ಅವಳು ಹೇಗೋ ನಡೆದು ದಾರಿಗೆ ಅಡ್ಡ ನಿಂತಳು.

"ದಾರಿ ಬಿಡಮ್ಮ, ಹೆಗಲು ಬೀಳ್ತಿದೆ," ಎಂದ ಮುಂದಿನವನು.

ಎಲ್ಲರ ಕಣ್ಣೂ ಅವಳ ಮೇಲೆ. ಮಾವ ತಲೆ ತಗ್ಗಿಸಿದ್ದರು.

"ಆ ಮಾಡಿನ ಕೆಳಗೆ ಹೋಗ್ಬೇಡಿ," ಎಂದಳು. ದನಿ ಒಡೆಯಿತು, ಮತ್ತೆ ಜೋರಾಗಿ ಎಂದಳು, "ಕಂಬದ ಬುಡ ಕೊಳೆತಿದೆ. ನಾನು ನೋಡ್ಲೇ ಇಲ್ಲ, ನೋಡಿದೆ ಅಂತ ಸುಳ್ಳು ಬರೆದೆ."